ಬೇಸ್ ಗಿಟಾರಿಗೆ ಆಂಪ್ಲಿಫೈಯರ್ ಹೆಡ್

ಬೇಸ್ ಗಿಟಾರಿನ ಪಿಕಪ್‌ನಿಂದ ಹೊರಡುವ ದುರ್ಬಲ ಸಂಕೇತಕ್ಕೆ ಸ್ಪೀಕರನ್ನು ನಡುಗಿಸುವಷ್ಟು ಬಲ ತುಂಬುವ ಪೆಟ್ಟಿಗೆಯೇ ಆಂಪ್ಲಿಫೈಯರ್ ಹೆಡ್. ಇದರಲ್ಲಿ ಸ್ಪೀಕರ್ ಇರುವುದಿಲ್ಲ; ಸ್ಪೀಕರ್‌ಗಳು ಬೇರೆ ಕ್ಯಾಬಿನೆಟ್‌ನಲ್ಲಿ ಕೂತಿರುತ್ತವೆ. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದು ಕಾಂಬೊ. ಹೆಡ್ಡಿನೊಳಗೆ ಎರಡು ಭಾಗಗಳು: ನಾದದ ಬಣ್ಣವನ್ನು ತೀರ್ಮಾನಿಸುವ ಪ್ರೀಆಂಪ್, ಅದಕ್ಕೆ ಶಕ್ತಿ ಕೊಡುವ ಪವರ್ ಆಂಪ್. ಕೊಳ್ಳಲು ಬಂದವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ‘ಎಷ್ಟು ವಾಟ್?’ ಎಂಬುದು. ಪಳಗಿದ ವಾದಕರು ಲೆಕ್ಕವನ್ನು ಇನ್ನೊಂದು ತುದಿಯಿಂದ ಶುರು ಮಾಡುತ್ತಾರೆ. ಎಲ್ಲಿ ನುಡಿಸುವುದು, ಆ ಜಾಗಕ್ಕೆ ಎಂಥ ಕ್ಯಾಬಿನೆಟ್ ಬೇಕು, ಆ ಕ್ಯಾಬಿನೆಟ್ಟಿಗೆ ಯಾವ ಹೆಡ್ ಹೊಂದುತ್ತದೆ ಎಂದು ನೋಡಿಕೊಂಡು ಬಂದರೆ ವಾಟ್ ಸಂಖ್ಯೆ ತಾನಾಗಿ ಗೊತ್ತಾಗುತ್ತದೆ.

ಬೇಸ್ ಗಿಟಾರಿಗೆ ಬೇರೆಯೇ ಆಂಪ್ಲಿಫೈಯರ್ ಏಕೆ ಬೇಕು ಎಂಬುದಕ್ಕೆ ಕಾರಣ ಅದರ ತಂತಿಗಳಲ್ಲಿದೆ. ನಾಲ್ಕು ತಂತಿಯ ವಾದ್ಯದಲ್ಲಿ ಅತಿ ದಪ್ಪನೆಯ ಇ ತಂತಿ ಸೆಕೆಂಡಿಗೆ 41 ಬಾರಿ ಕಂಪಿಸುತ್ತದೆ. ಐದು ತಂತಿಯ ವಾದ್ಯದ ಬಿ ತಂತಿ ಸುಮಾರು 31 ಬಾರಿ. ಇಷ್ಟು ತಗ್ಗಿನ ಸ್ವರವನ್ನು ಗಟ್ಟಿಯಾಗಿ ಕೇಳಿಸಬೇಕಾದರೆ ಸ್ಪೀಕರಿನ ಕೋನ್ ಬಹಳ ದೂರ ಹಿಂದೆ ಮುಂದೆ ಚಲಿಸಿ ಬಹಳಷ್ಟು ಗಾಳಿಯನ್ನು ತಳ್ಳಬೇಕು. ಸಾಮಾನ್ಯ ಗಿಟಾರಿನ ಆಂಪ್ಲಿಫೈಯರಿಗೆ ಬೇಸ್ ಸಿಕ್ಕಿಸಿ ಜೋರಾಗಿ ನುಡಿಸಿದರೆ ಸ್ಪೀಕರ್ ಹರಿದುಹೋಗುವ ಅಪಾಯವಿರುವುದು ಇದಕ್ಕಾಗಿ. ಡ್ರಮ್ಸ್ ಜೊತೆ ಸಮನಾಗಿ ಕೇಳಿಸಲು ಗಿಟಾರ್ ವಾದಕರಿಗೆ 50 ವಾಟ್ ಸಾಕಾದರೆ ಬೇಸ್ ವಾದಕರು 300 ವಾಟ್ ಕೇಳುವುದೂ ಇದಕ್ಕಾಗಿಯೇ.

ಆದರೆ ಕಿವಿ ವಾಟ್‌ಗಳನ್ನು ನೇರವಾಗಿ ಎಣಿಸುವುದಿಲ್ಲ. ಶಕ್ತಿ ಇಮ್ಮಡಿಯಾದಾಗ ಸದ್ದು ಏರುವುದು 3 ಡೆಸಿಬಲ್ ಮಾತ್ರ: ತುಸು ಹೆಚ್ಚಾಯಿತು ಎಂದು ತಿಳಿಯುವಷ್ಟು. ಕೇಳುವವರಿಗೆ ಸದ್ದು ಎರಡರಷ್ಟಾಯಿತು ಎನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. 300 ವಾಟಿನ ಹೆಡ್ ಮಾರಿ 500 ವಾಟಿನದನ್ನು ತಂದವರಿಗೆ ಸಿಗುವ ಲಾಭ 2 ಡೆಸಿಬಲ್‌ಗಿಂತ ಸ್ವಲ್ಪ ಹೆಚ್ಚು; ಬ್ಯಾಂಡಿನ ಗದ್ದಲದಲ್ಲಿ ಅದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಅದರ ಬದಲು, ಇರುವ ಕ್ಯಾಬಿನೆಟ್ ಮೇಲೆ ಅಂಥದೇ ಇನ್ನೊಂದನ್ನು ಪೇರಿಸಿದರೆ ತಗ್ಗಿನ ಸ್ವರಗಳಲ್ಲಿ 6 ಡೆಸಿಬಲ್ ತನಕ ಏರಿಕೆ ಸಿಗಬಹುದು. ಕೈಯಲ್ಲಿರುವ ಹಣ ಸ್ಪೀಕರಿಗೆ ಮೊದಲು, ಹೆಡ್ಡಿಗೆ ಆಮೇಲೆ ಎಂಬ ಮಾತು ಹುಟ್ಟಿದ್ದು ಈ ಲೆಕ್ಕದಿಂದ.

ಕ್ಯಾಬಿನೆಟ್ಟಿನ ವಿವರಪಟ್ಟಿಯಲ್ಲಿ ‘ಸೆನ್ಸಿಟಿವಿಟಿ’ ಎಂಬ ಒಂದು ಸಾಲು ಇರುತ್ತದೆ. 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಎಂಬುದು ಅದರ ಅರ್ಥ. ಆಂಪೆಗ್ ಕಂಪನಿಯ ಹೆಸರಾಂತ ಎಸ್‌ವಿಟಿ-810ಇ ಕ್ಯಾಬಿನೆಟ್ಟಿನಲ್ಲಿ 10 ಇಂಚಿನ ಎಂಟು ಸ್ಪೀಕರ್‌ಗಳಿವೆ. ತೂಕ 63 ಕಿಲೋ ಆಸುಪಾಸು, ಸೆನ್ಸಿಟಿವಿಟಿ 100 ಡೆಸಿಬಲ್. ಅದಕ್ಕೆ 100 ವಾಟ್ ಕೊಟ್ಟರೆ ಲೆಕ್ಕದ ಪ್ರಕಾರ 120 ಡೆಸಿಬಲ್ ಬರುತ್ತದೆ. ಒಂದೇ ಕೈಯಲ್ಲಿ ಎತ್ತಬಹುದಾದ 94 ಡೆಸಿಬಲ್ಲಿನ ಪುಟ್ಟ ಕ್ಯಾಬಿನೆಟ್ಟಿನಿಂದ ಅಷ್ಟೇ ಸದ್ದು ತೆಗೆಯಲು 400 ವಾಟ್ ಬೇಕು, ಆ ಪುಟ್ಟ ಸ್ಪೀಕರ್ ಅಷ್ಟನ್ನು ತಡೆದುಕೊಂಡರೆ. ಇನ್ನೂ ಒಂದು ವಿಚಾರ ಅದೇ ಪಟ್ಟಿಯಲ್ಲಿದೆ. ರಾಕ್ ವೇದಿಕೆಗಳ ಬೇಸ್ ನಾದಕ್ಕೆ ಮಾದರಿ ಎನಿಸಿದ ಈ ಭಾರೀ ಕ್ಯಾಬಿನೆಟ್ 58 ಹರ್ಟ್ಸ್‌ಗಿಂತ ಕೆಳಗೆ ಇಳಿಯುತ್ತಾ ಹೋಗಿ, 40 ಹರ್ಟ್ಸ್ ತಲುಪುವ ಹೊತ್ತಿಗೆ 10 ಡೆಸಿಬಲ್ ಕುಗ್ಗಿರುತ್ತದೆ. ಎಂದರೆ ಇ ತಂತಿಯ ಮೂಲ ಸ್ವರವನ್ನು ಅದು ಅರೆಬರೆಯಾಗಿಯೇ ಕೇಳಿಸುತ್ತದೆ. ಆದರೂ ಆ ಸ್ವರ ತುಂಬಿ ಬಂದಂತೆ ಅನ್ನಿಸುವುದು, 82 ಹರ್ಟ್ಸ್, 123 ಹರ್ಟ್ಸ್‌ನಂಥ ಮೇಲಿನ ಅನುಸ್ವರಗಳನ್ನು ಹಿಡಿದು ಮಿದುಳು ಕೆಳಗಿನ ಸ್ವರವನ್ನು ತಾನೇ ಕಟ್ಟಿಕೊಳ್ಳುವುದರಿಂದ. ‘ನಮ್ಮ ಹೆಡ್ 20 ಹರ್ಟ್ಸ್‌ವರೆಗೂ ಇಳಿಯುತ್ತದೆ’ ಎಂಬ ಜಾಹೀರಾತಿಗೆ ಮರುಳಾಗುವ ಮುನ್ನ ಇದನ್ನು ನೆನಪಿಡಬೇಕು.

ಹೆಡ್ಡಿಗೂ ಕ್ಯಾಬಿನೆಟ್ಟಿಗೂ ನಡುವಿನ ಒಪ್ಪಂದ ಬರೆದಿರುವುದು, ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯನ್ನು ಅಳೆಯುವ ಓಮ್‌ಗಳಲ್ಲಿ. ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ ಆದ್ದರಿಂದ ಒಂದು ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು. ನ್ಯೂಯಾರ್ಕಿನ ಆಗಿಲಾರ್ ಕಂಪನಿಯ ಟೋನ್ ಹ್ಯಾಮರ್ 500 ಎಂಬ ಹೆಡ್ 4 ಓಮ್‌ನಲ್ಲಿ 500 ವಾಟ್, 8 ಓಮ್‌ನಲ್ಲಿ 250 ವಾಟ್ ಕೊಡುತ್ತದೆ. ಹೆಡ್ ಒಂದೇ, ಶಕ್ತಿ ಅರ್ಧವಾದದ್ದು ಹೇಗೆ? ಪವರ್ ಆಂಪ್ ಹೊರಡಿಸಬಲ್ಲ ವೋಲ್ಟೇಜಿಗೆ ಒಂದು ಮಿತಿ ಇದೆ. ಇಲ್ಲಿ ಅದು ಸುಮಾರು 45 ವೋಲ್ಟ್. ವೋಲ್ಟೇಜಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ವಾಟ್ ಸಿಗುತ್ತದೆ. 4 ಓಮ್ ಇದ್ದಾಗ 11 ಆಂಪಿಯರ್ ಹರಿಯುತ್ತದೆ, 8 ಓಮ್ ಇದ್ದಾಗ ಅದರ ಅರ್ಧ. ಮನೆಯ ಮೇಲಿನ ಟ್ಯಾಂಕಿನಿಂದ ಬರುವ ನೀರಿನ ಒತ್ತಡ ಬದಲಾಗದಿದ್ದರೂ ಎರಡು ನಲ್ಲಿ ತೆರೆದಾಗ ಎರಡರಷ್ಟು ನೀರು ಹೋಗುವಂತೆ ಇದು. 8 ಓಮ್‌ನ ಎರಡು ಕ್ಯಾಬಿನೆಟ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್; 4 ಓಮ್‌ನ ಎರಡನ್ನು ಜೋಡಿಸಿದರೆ 2 ಓಮ್. ಕನಿಷ್ಠ 4 ಓಮ್ ಎಂದು ಬರೆದ ಹೆಡ್ಡಿಗೆ 2 ಓಮ್ ಹೊರೆ ಹಾಕಿದರೆ 22 ಆಂಪಿಯರ್ ಎಳೆಯಲು ಹೋಗಿ ಅದು ರಕ್ಷಣಾ ಸರ್ಕೀಟಿನಿಂದ ನಿಲ್ಲುತ್ತದೆ, ಅಥವಾ ಸುಡುತ್ತದೆ. ಆದ್ದರಿಂದ ಮುಂದೆ ಎರಡನೇ ಕ್ಯಾಬಿನೆಟ್ ಕೊಳ್ಳುವ ಯೋಚನೆ ಇರುವವರು ಮೊದಲನೆಯದನ್ನೇ 8 ಓಮ್‌ನದು ಆರಿಸಿಕೊಳ್ಳುವುದು ಲೇಸು. ಒಂದೇ ಕ್ಯಾಬಿನೆಟ್ ಸಾಕು ಎನ್ನುವವರಿಗೆ 4 ಓಮ್‌ನದು ಹೆಡ್ಡಿನ ಪೂರ್ತಿ ಶಕ್ತಿಯನ್ನು ಹೊರತರುತ್ತದೆ. ಕ್ಯಾಲಿಫೋರ್ನಿಯಾದ ಮೆಸಾ ಬೂಗಿ ಕಂಪನಿಯ ಸಬ್‌ವೇ ಡಿ-800ನಂಥ ಕೆಲವು ಹೆಡ್‌ಗಳು 2 ಓಮ್‌ಗೂ ತಯಾರಾಗಿರುತ್ತವೆ; ಹಿಂದಿರುವ ಸ್ವಿಚ್ಚನ್ನು ಸರಿಯಾದ ಜಾಗದಲ್ಲಿ ಇಡಬೇಕು, ಅಷ್ಟೇ.

ಟ್ರಾನ್ಸಿಸ್ಟರ್ ಬದಲು ಗಾಜಿನ ನಿರ್ವಾತ ಕೊಳವೆಗಳಿಂದ, ಅಂದರೆ ವಾಲ್ವ್‌ಗಳಿಂದ, ನಡೆಯುವ ಹೆಡ್‌ಗಳ ನಿಯಮ ಬೇರೆ. ಅವುಗಳಲ್ಲಿ ವಾಲ್ವ್‌ಗಳಿಗೂ ಸ್ಪೀಕರಿಗೂ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಕ್ಯಾಬಿನೆಟ್ಟಿನ ಓಮ್ ಎಷ್ಟೋ ಅಷ್ಟಕ್ಕೆ ಸ್ವಿಚ್ ತಿರುಗಿಸಿದರೆ 4 ಓಮ್‌ಗೂ 2 ಓಮ್‌ಗೂ ಪೂರ್ತಿ ಶಕ್ತಿಯೇ ಸಿಗುತ್ತದೆ. ಆದರೆ ಸ್ಪೀಕರ್ ಸಿಕ್ಕಿಸದೆ ವಾಲ್ವ್ ಹೆಡ್ಡನ್ನು ನುಡಿಸಿದರೆ ಟ್ರಾನ್ಸ್‌ಫಾರ್ಮರ್ ಹೋಗಿಬಿಡುವ ಸಾಧ್ಯತೆ ಇದೆ. ಟ್ರಾನ್ಸಿಸ್ಟರ್ ಹೆಡ್‌ಗಳಿಗೆ ಸ್ಪೀಕರ್ ಇಲ್ಲದಿದ್ದರೂ ತೊಂದರೆಯಿಲ್ಲ. ಅವುಗಳಿಗೆ ಕೆಡುಕು ಶಾರ್ಟ್ ಸರ್ಕೀಟಿನಿಂದ.

ಈ ಸಮಸ್ಯೆಗಳನ್ನೆಲ್ಲ ತಯಾರಕರು ಒಂದೊಂದಾಗಿ ಎದುರಿಸಿದ ಕಥೆ ಅಮೆರಿಕದಲ್ಲಿ ಶುರುವಾಗುತ್ತದೆ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಅದನ್ನು ಕೇಳಿಸಲು ಆಂಪ್ಲಿಫೈಯರ್ ಬೇಕಲ್ಲ. 1952ರಲ್ಲಿ 15 ಇಂಚಿನ ಒಂದು ಸ್ಪೀಕರ್ ಇದ್ದ ಬಾಸ್‌ಮನ್ ಎಂಬ ಕಾಂಬೊ ಬಂತು. ಆ ದಶಕದ ನಡುವಿನಲ್ಲಿ ಅದು 10 ಇಂಚಿನ ನಾಲ್ಕು ಸ್ಪೀಕರ್‌ಗಳ ರೂಪ ತಾಳಿತು. ಬೇಸ್‌ಗೆಂದು ಮಾಡಿದ ಆ ಯಂತ್ರವನ್ನು ಬಹುಬೇಗ ಒಲಿಸಿಕೊಂಡವರು ಗಿಟಾರ್ ವಾದಕರು. ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ತಯಾರಾದ ಮೊದಲ ಆಂಪ್ಲಿಫೈಯರ್ ಜೆಟಿಎಂ45ರ ಸರ್ಕೀಟಿಗೆ ಮಾದರಿಯಾದದ್ದೂ ಅದೇ. 1960ರ ದಶಕದ ಆರಂಭದಲ್ಲಿ ಫೆಂಡರ್ ಬಾಸ್‌ಮನ್ ಎರಡು ತುಂಡಾಗಿ, ಹೆಡ್ ಬೇರೆ ಕ್ಯಾಬಿನೆಟ್ ಬೇರೆ ಆಯಿತು. ಸ್ಪೀಕರಿನ ನಡುಕ ವಾಲ್ವ್‌ಗಳಿಗೆ ಅಷ್ಟಾಗಿ ತಟ್ಟುವುದಿಲ್ಲ, ಹೊರೆಯೂ ಇಬ್ಭಾಗವಾಗುತ್ತದೆ, ಒಂದು ಹೆಡ್ಡಿಗೆ ಬೇಕಾದ ಕ್ಯಾಬಿನೆಟ್ ಬದಲಿಸಿಕೊಳ್ಳಬಹುದು: ಹೆಡ್ ಎಂಬ ರೂಪ ಉಳಿದುಕೊಂಡದ್ದು ಈ ಅನುಕೂಲಗಳಿಂದ.

ಅದೇ ಕಾಲದಲ್ಲಿ ಇನ್ನೊಂದು ಕವಲು ಒಡೆಯಿತು. ಆಂಪೆಗ್ ಕಂಪನಿಯನ್ನು ಕಟ್ಟಿದ ಎವರೆಟ್ ಹಲ್ ಸ್ವತಃ ಡಬಲ್ ಬೇಸ್ ನುಡಿಸುತ್ತಿದ್ದವರು. ಅವರ ಕಂಪನಿಯಲ್ಲಿ ಜೆಸ್ ಆಲಿವರ್ ರೂಪಿಸಿದ ಬಿ-15 ಪೋರ್ಟಾಫ್ಲೆಕ್ಸ್ 1960ರಲ್ಲಿ ಹೊರಬಂತು. ಆಂಪ್ಲಿಫೈಯರಿನ ಭಾಗವನ್ನು ಕ್ಯಾಬಿನೆಟ್ಟಿನ ಮುಚ್ಚಳಕ್ಕೆ ಕೂರಿಸಲಾಗಿತ್ತು. ನುಡಿಸುವಾಗ ಅದು ಮೇಲೆ ನಿಲ್ಲುತ್ತಿತ್ತು, ಸಾಗಿಸುವಾಗ ಮುಚ್ಚಳ ತಿರುಗಿಸಿ ಒಳಗೆ ಇಳಿಸಿಬಿಡುತ್ತಿದ್ದರು. ಶಕ್ತಿ 25 ವಾಟ್ ಅಷ್ಟೇ. ಸ್ಟುಡಿಯೋಗಳಿಗೆ, ಸಣ್ಣ ಕ್ಲಬ್‌ಗಳಿಗೆ ಅದು ಸಾಕಾಗಿತ್ತು. ಮೋಟೌನ್ ಧ್ವನಿಮುದ್ರಣ ಸಂಸ್ಥೆಯ ಮಹಾನ್ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಕ್ಲಬ್‌ಗಳಲ್ಲಿ ಬಿ-15 ಬಳಸುತ್ತಿದ್ದರು. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಾದರೋ ಅವರ ಫೆಂಡರ್ ಬೇಸ್ ಯಾವ ಆಂಪ್ಲಿಫೈಯರಿಗೂ ಹೋಗದೆ ನೇರವಾಗಿ ಧ್ವನಿಮುದ್ರಣದ ಕನ್ಸೋಲಿಗೆ ಸೇರುತ್ತಿತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಜನ ಮೆಚ್ಚಿದ ಬೇಸ್ ನಾದಗಳಲ್ಲಿ ಒಂದು ಹೆಡ್ಡಿನ ಹಂಗಿಲ್ಲದೆ ದಾಖಲಾಗಿದೆ ಎಂಬುದನ್ನು ದುಬಾರಿ ಹೆಡ್ ಕೊಳ್ಳಲು ಹೊರಟವರು ತಿಳಿದಿರಬೇಕು.

1960ರ ದಶಕದ ನಡುವಿನಲ್ಲಿ ರಾಕ್ ಸಂಗೀತ ದೊಡ್ಡ ಸಭಾಂಗಣಗಳಿಗೆ ಹೋಯಿತು. ಪ್ರೇಕ್ಷಕರ ಕಿರುಚಾಟವನ್ನು ಮೀರಿಸುವ ಧ್ವನಿವರ್ಧಕ ವ್ಯವಸ್ಥೆ ಆಗ ಇರಲಿಲ್ಲ. ಇದ್ದದ್ದು ಹಾಡುಗಾರರ ಮೈಕಿಗಷ್ಟೇ. ಬೇಸ್ ಕೇಳಿಸಬೇಕಾದರೆ ವಾದಕನ ಬೆನ್ನ ಹಿಂದಿನ ಪೆಟ್ಟಿಗೆಯಿಂದಲೇ ಕೇಳಿಸಬೇಕಿತ್ತು. ಇಂಗ್ಲೆಂಡಿನ ದಿ ಹೂ ತಂಡದ ಜಾನ್ ಎಂಟ್‌ವಿಸಲ್, ಪೀಟ್ ಟೌನ್‌ಶೆಂಡ್ ಇಬ್ಬರೂ ಮಾರ್ಷಲ್ ಅವರನ್ನು ಇನ್ನಷ್ಟು ಸದ್ದಿಗಾಗಿ ಕಾಡಿದ್ದರಿಂದ 100 ವಾಟಿನ ಹೆಡ್ ಹುಟ್ಟಿತು.

ಅಮೆರಿಕದಲ್ಲಿ ಇದಕ್ಕೆ ಸಿಕ್ಕ ಉತ್ತರ 1969ರ ಆಂಪೆಗ್ ಎಸ್‌ವಿಟಿ. ಬಿಲ್ ಹ್ಯೂಸ್, ರೋಜರ್ ಕಾಕ್ಸ್ ರೂಪಿಸಿದ ಈ ಹೆಡ್ಡಿನಲ್ಲಿ ಹದಿನಾಲ್ಕು ವಾಲ್ವ್‌ಗಳು, ಅವುಗಳಲ್ಲಿ ಆರು ದೊಡ್ಡ ಔಟ್‌ಪುಟ್ ವಾಲ್ವ್‌ಗಳು, ಶಕ್ತಿ 300 ವಾಟ್. ಅದರ ಕೆಳಗೆ ಎಂಟೆಂಟು ಸ್ಪೀಕರ್‌ಗಳ ಎರಡು ಕ್ಯಾಬಿನೆಟ್‌ಗಳು. ಆ ವರ್ಷ ರೋಲಿಂಗ್ ಸ್ಟೋನ್ಸ್ ತಂಡ ಅಮೆರಿಕ ಪ್ರವಾಸಕ್ಕೆ ಬಂದಾಗ ಇನ್ನೂ ಮಾದರಿ ಹಂತದಲ್ಲಿದ್ದ ಎಸ್‌ವಿಟಿಗಳು ಅವರ ಜೊತೆ ಊರೂರು ಸುತ್ತಿದವು. ಬೇಸ್‌ಗೆ ಮಾತ್ರವಲ್ಲ, ಗಿಟಾರ್‌ಗಳಿಗೂ ಅವನ್ನೇ ಬಳಸಿದರು. ಮೊದಲು ಹಾಕಿದ್ದ 6146ಬಿ ವಾಲ್ವ್‌ಗಳು ನೆಚ್ಚಿಕೆಗೆ ಬಾರದೆ ಹೋದಾಗ ಅವುಗಳ ಜಾಗಕ್ಕೆ 6550 ಬಂದವು. ಈ ಹೆಡ್ಡಿನ ನಾದಕ್ಕೆ ಒಂದು ಗುಣವಿದೆ: ಶಕ್ತಿಯ ಅಂಚಿಗೆ ತಳ್ಳಿದಾಗ ಸ್ವರ ಒಮ್ಮೆಗೇ ಒಡೆಯದೆ, ಗಂಟಲು ಕಟ್ಟಿದ ಗುರುಗುಟ್ಟುವಿಕೆಯಾಗಿ ದಪ್ಪವಾಗುತ್ತಾ ಹೋಗುತ್ತದೆ. ರಾಕ್ ಬೇಸ್ ಎಂದರೆ ಹೀಗಿರಬೇಕು ಎಂದು ಎರಡು ಮೂರು ತಲೆಮಾರುಗಳ ಕಿವಿಗೆ ಕಲಿಸಿದ ನಾದ ಇದು. ಅದರ ಬೆಲೆ ತೂಕದಲ್ಲಿ ತೆರಬೇಕು. ನಂತರದ ಎಸ್‌ವಿಟಿ-ಸಿಎಲ್ ಮಾದರಿಯ ಹೆಡ್ಡೊಂದೇ 36 ಕಿಲೋ. ಮಾಳಿಗೆ ಮನೆಯಲ್ಲಿರುವ ವಾದಕರು ಇದನ್ನು ಕೊಳ್ಳುವ ಮೊದಲು ಮೆಟ್ಟಿಲೆಷ್ಟು ಎಂದು ಎಣಿಸಿಕೊಂಡರೆ ಒಳ್ಳೆಯದು.

ಟ್ರಾನ್ಸಿಸ್ಟರ್‌ಗಳೂ ಅಷ್ಟರಲ್ಲಿ ರಂಗಕ್ಕೆ ಬಂದಿದ್ದವು. ಲಾಸ್ ಏಂಜಲಿಸ್‌ನ ಅಕೂಸ್ಟಿಕ್ ಕಂಟ್ರೋಲ್ ಕಾರ್ಪೊರೇಷನ್ ತಯಾರಿಸಿದ 360 ಎಂಬ ಮಾದರಿಯಲ್ಲಿ ಹೆಡ್ಡಿನ ಜಾಗದಲ್ಲಿದ್ದದ್ದು ಪ್ರೀಆಂಪ್ ಮಾತ್ರ; 200 ವಾಟಿನ ಪವರ್ ಆಂಪ್, 18 ಇಂಚಿನ ಸ್ಪೀಕರ್ ಇದ್ದ ಭಾರೀ ಕ್ಯಾಬಿನೆಟ್ಟಿನೊಳಗೆ ಕೂತಿತ್ತು. ಸ್ಪೀಕರ್ ಹಿಂದಕ್ಕೆ ಮುಖ ಮಾಡಿ, ಸದ್ದು ಮಡಿಚಿದ ಹಾದಿಯಲ್ಲಿ ಸುತ್ತಿ ಮುಂದಕ್ಕೆ ಬರುತ್ತಿದ್ದುದರಿಂದ ವೇದಿಕೆಯ ಮೇಲಿನವರಿಗಿಂತ ದೂರದಲ್ಲಿ ಕೂತವರಿಗೇ ಹೆಚ್ಚು ಕೇಳಿಸುತ್ತಿತ್ತು. ಜಾಕೊ ಪಾಸ್ಟೋರಿಯಸ್ ಫ್ರೆಟ್ ಇಲ್ಲದ ಬೇಸ್‌ನಲ್ಲಿ ಹಾಡಿಸಿದ ಮೂಗುಮೂಗಾದ, ನಡುಸ್ವರ ತುಂಬಿದ ನಾದ ಈ ಯಂತ್ರದ ಮೂಲಕ ಹೊರಬಂತು. 1970ರ ದಶಕದಲ್ಲಿ ವಾಲ್ಟರ್ ವುಡ್ಸ್ ಎಂಬವರು ಕೈಯಲ್ಲೇ ಮಾಡಿಕೊಡುತ್ತಿದ್ದ ಪುಟ್ಟ, ಹಗುರ ಹೆಡ್‌ಗಳು ಜಾಝ್ ವಾದಕರ ಕೈಸೇರಿದವು. ಇಂದಿನ ಹಗುರ ಹೆಡ್‌ಗಳ ಪೂರ್ವಜರು ಅವೇ.

1980ರ ದಶಕ ಬೇಸ್ ವಾದಕರಿಗೆ ಸುಗ್ಗಿ. ಹೆಬ್ಬೆರಳಿನಿಂದ ತಂತಿ ಬಡಿದು ನುಡಿಸುವ ಸ್ಲ್ಯಾಪ್ ಶೈಲಿ ಜೋರಾಗಿ ಹಬ್ಬಿತು. ಅದಕ್ಕೆ ಮೇಲಿನ ಸ್ವರಗಳೂ ಚೊಕ್ಕವಾಗಿ ಕೇಳಿಸುವ ಯಂತ್ರ ಬೇಕಾಯಿತು. ಇಂಗ್ಲೆಂಡಿನ ಎಸೆಕ್ಸ್‌ನಿಂದ ಬಂದ ಟ್ರೇಸ್ ಎಲಿಯಟ್ ಹೆಡ್‌ಗಳಲ್ಲಿ ಹನ್ನೊಂದು ಪಟ್ಟಿಯ ಗ್ರಾಫಿಕ್ ಈಕ್ವಲೈಸರ್ ಇತ್ತು. ಲೆವೆಲ್ 42 ತಂಡದ ಮಾರ್ಕ್ ಕಿಂಗ್ ಅವುಗಳಿಗೆ ಹೆಸರು ತಂದರು. ಕ್ಯಾಲಿಫೋರ್ನಿಯಾದ ಗ್ಯಾಲಿಯನ್-ಕ್ರೂಗರ್ 800ಆರ್‌ಬಿ ತಗ್ಗಿನ ಸ್ವರಗಳಿಗೆ 300 ವಾಟ್, ಮೇಲಿನವಕ್ಕೆ 100 ವಾಟ್ ಎಂದು ಎರಡು ಪವರ್ ಆಂಪ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟಿತು; ಗನ್ಸ್ ಎನ್ ರೋಸಸ್‌ನ ಡಫ್ ಮೆಕೇಗನ್ ಅದರ ದೊಡ್ಡ ಅಭಿಮಾನಿ. 1984ರಲ್ಲಿ ಸ್ಟೀವ್ ರೇಬ್ ಆರಂಭಿಸಿದ ಎಸ್‌ಡಬ್ಲ್ಯುಆರ್ ಕಂಪನಿ ಪ್ರೀಆಂಪಿಗೆ ವಾಲ್ವ್, ಪವರ್ ಆಂಪಿಗೆ ಟ್ರಾನ್ಸಿಸ್ಟರ್ ಎಂಬ ಮಿಶ್ರ ಹೆಡ್ಡನ್ನೂ, ಟ್ವೀಟರ್ ಇರುವ 10 ಇಂಚಿನ ನಾಲ್ಕು ಸ್ಪೀಕರ್‌ಗಳ ಕ್ಯಾಬಿನೆಟ್ಟನ್ನೂ ಜನಪ್ರಿಯಗೊಳಿಸಿತು.

ಇಂದು ಅಂಗಡಿಯಲ್ಲಿ ಕಾಣುವ ಬಹುಪಾಲು ಹೆಡ್‌ಗಳು ಕ್ಲಾಸ್ ಡಿ ಬಗೆಯವು. ಈ ಅಕ್ಷರಕ್ಕೂ ಡಿಜಿಟಲ್‌ಗೂ ಸಂಬಂಧವಿಲ್ಲ. ಎ, ಬಿ, ಸಿ ಆದಮೇಲೆ ಬಂದ ಮುಂದಿನ ಅಕ್ಷರ, ಅಷ್ಟೇ. ಹಳೆಯ ಕ್ಲಾಸ್ ಎಬಿ ಆಂಪ್‌ನಲ್ಲಿ ಟ್ರಾನ್ಸಿಸ್ಟರ್‌ಗಳು ಅರ್ಧ ತೆರೆದ ಸ್ಥಿತಿಯಲ್ಲಿ ಕೆಲಸ ಮಾಡುವುದರಿಂದ ಸಾಕಷ್ಟು ವಿದ್ಯುತ್ತು ಶಾಖವಾಗಿ ಹೋಗುತ್ತದೆ. ಕ್ಲಾಸ್ ಡಿಯಲ್ಲಿ ಅವು ಪೂರ್ತಿ ತೆರೆದಿರುತ್ತವೆ ಇಲ್ಲವೇ ಪೂರ್ತಿ ಮುಚ್ಚಿರುತ್ತವೆ. ಸೆಕೆಂಡಿಗೆ ಲಕ್ಷಾಂತರ ಬಾರಿ ಹೀಗೆ ತೆರೆದು ಮುಚ್ಚುವ ಮಿಡಿತಗಳ ಅಗಲವನ್ನು ಸಂಗೀತದ ಸಂಕೇತ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಕೊನೆಯಲ್ಲಿ ಒಂದು ಕಾಯಿಲ್, ಒಂದು ಕೆಪಾಸಿಟರ್ ಸೇರಿ ಮಿಡಿತಗಳನ್ನು ಸೋಸಿ ನಯವಾದ ಅಲೆಯನ್ನು ಸ್ಪೀಕರಿಗೆ ಕಳಿಸುತ್ತವೆ. ದಕ್ಷತೆ ಶೇ. 90ರ ಆಸುಪಾಸು. ಶಾಖ ಕಡಿಮೆಯಾದ್ದರಿಂದ ದೊಡ್ಡ ಅಲ್ಯುಮಿನಿಯಂ ಹೀಟ್‌ಸಿಂಕ್ ಬೇಡ. ಇದರ ಜೊತೆಗೆ ಸ್ವಿಚಿಂಗ್ ಪವರ್ ಸಪ್ಲೈ ಬಂದು, ಕಬ್ಬಿಣದ ಭಾರೀ ಟ್ರಾನ್ಸ್‌ಫಾರ್ಮರನ್ನೂ ಹೊರಹಾಕಿತು. ಫಲವಾಗಿ 800 ವಾಟಿನ ಸಬ್‌ವೇ ಡಿ-800 ತೂಗುವುದು 2.5 ಕಿಲೋ, ಟೋನ್ ಹ್ಯಾಮರ್ 500 ಎರಡು ಕಿಲೋಗಿಂತ ಕಡಿಮೆ. ಇಟಲಿಯ ಮಾರ್ಕ್‌ಬಾಸ್, ಫಿನ್ಲೆಂಡಿನ ಡಾರ್ಕ್‌ಗ್ಲಾಸ್ ಮುಂತಾದ ಹೊಸ ಕಂಪನಿಗಳು ಬೆಳೆದದ್ದು ಈ ಹಗುರ ಹೆಡ್‌ಗಳ ಕಾಲದಲ್ಲೇ. ಹೆಡ್ಡನ್ನು ಗಿಟಾರಿನ ಚೀಲದ ಜೇಬಿನಲ್ಲಿ ಹಾಕಿಕೊಂಡು ಬಸ್ಸು ಹತ್ತಬಹುದು ಎಂಬುದು ಸಣ್ಣ ಕ್ರಾಂತಿಯಲ್ಲ.

ಹಗುರ ಹೆಡ್‌ಗಳಿಗೆ ‘ಹೊಟ್ಟೆಯಿಲ್ಲ’, ಅದೇ ವಾಟಿನ ಹಳೆಯ ಹೆಡ್‌ಗಳು ಹೆಚ್ಚು ಜೋರು ಎಂಬ ದೂರು ವಾದಕರಲ್ಲಿ ಇದ್ದೇ ಇದೆ. ಅದರಲ್ಲಿ ನಿಜ ಇದೆ, ಆದರೆ ಕಾರಣ ಕ್ಲಾಸ್ ಡಿ ಅಲ್ಲ. ವಾಲ್ವ್ ಆಂಪ್ ಮಿತಿ ಮೀರಿದಾಗ ಅಲೆಯ ತುದಿಗಳು ಮೆಲ್ಲಗೆ ದುಂಡಾಗುವುದರಿಂದ ವಾದಕ ಹೆದರದೆ ಅದನ್ನು ಮಿತಿಯಾಚೆಗೆ ತಳ್ಳುತ್ತಾನೆ. ಸರಾಸರಿ ಸದ್ದು ಹೆಚ್ಚುತ್ತದೆ. ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಅದೇ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗಿ ಕರ್ಕಶವಾಗುತ್ತವೆ, ಇಲ್ಲವೇ ಲಿಮಿಟರ್ ಮಧ್ಯೆ ಬಂದು ತಡೆಯುತ್ತದೆ. ಆದ್ದರಿಂದ 300 ವಾಟಿನ ವಾಲ್ವ್ ಹೆಡ್ ಬಿಟ್ಟು ಬರುವವರು 700-800 ವಾಟಿನ ಹಗುರ ಹೆಡ್ ನೋಡುವುದು ಸೂಕ್ತ. ವಾಟ್ ಸಂಖ್ಯೆಗಳಲ್ಲೂ ಎಚ್ಚರ ಬೇಕು. ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು ಬರೆಯುವವರಿದ್ದಾರೆ, ಕ್ಷಣಮಾತ್ರದ ಗರಿಷ್ಠವನ್ನು ಬರೆಯುವವರೂ ಇದ್ದಾರೆ. ಎಷ್ಟು ಓಮ್‌ನಲ್ಲಿ, ಎಷ್ಟು ವಿರೂಪದೊಂದಿಗೆ ಎಂದು ನಮೂದಿಸದ ವಾಟಿಗೆ ಬೆಲೆ ಕೊಡಬೇಕಾಗಿಲ್ಲ.

ಇಷ್ಟಾದ ಮೇಲೆ ನಾದದ ಪ್ರಶ್ನೆ. ಅಂಗಡಿಯಲ್ಲಿ ಒಬ್ಬರೇ ಕೂತು ನುಡಿಸುವಾಗ ಮನಸ್ಸಿಗೆ ಹಿಡಿಸುವುದು ತಗ್ಗು ಏರಿಸಿ, ಮೇಲು ಏರಿಸಿ, ನಡು ತಗ್ಗಿಸಿದ ನಾದ. ಬ್ಯಾಂಡಿನೊಳಗೆ ಮೊದಲು ಕಾಣೆಯಾಗುವುದೂ ಅದೇ. ತಗ್ಗನ್ನು ಬಾಸ್ ಡ್ರಮ್ ನುಂಗುತ್ತದೆ, ಮೇಲಿನದನ್ನು ಸಿಂಬಲ್‌ಗಳು ಮುಚ್ಚುತ್ತವೆ. ಬೇಸ್ ತನ್ನ ಸ್ವರವನ್ನು ಕಾಣಿಸುವ ಜಾಗ 200ರಿಂದ 1000 ಹರ್ಟ್ಸ್ ನಡುವಿನದು. ಆದ್ದರಿಂದ ಹೆಡ್ ಪರೀಕ್ಷಿಸುವಾಗ ಮಿಡ್ ಗುಂಡಿಯ ಮೇಲೆ ಹೆಚ್ಚು ಹೊತ್ತು ಕಳೆಯಬೇಕು. ಎಸ್‌ವಿಟಿ-ಸಿಎಲ್‌ನಲ್ಲಿ 220, 450, 800 ಹರ್ಟ್ಸ್, 1.6 ಮತ್ತು 3 ಕಿಲೋಹರ್ಟ್ಸ್ ಎಂಬ ಐದು ಜಾಗಗಳಲ್ಲಿ ಯಾವುದಾದರೂ ಒಂದನ್ನು ಆರಿಸಿ ನಡುಸ್ವರವನ್ನು ಏರಿಸುವ, ಇಳಿಸುವ ಸ್ವಿಚ್ ಇದೆ. ಬೆರಳಿನಿಂದ ನುಡಿಸುವವರು 450ರಲ್ಲಿಟ್ಟು ತುಸು ಏರಿಸಿದರೆ ಸ್ವರಕ್ಕೆ ಮೈ ಬರುತ್ತದೆ. 800ಕ್ಕೆ ತಿರುಗಿಸಿದರೆ ಮುಂದಕ್ಕೆ ಚಿಮ್ಮುತ್ತದೆ. ಎಲ್ಲ ಗುಂಡಿಗಳೂ ನಡುವಿನಲ್ಲಿದ್ದರೆ ನಾದಕ್ಕೆ ಬಣ್ಣವೇ ಇರದು ಎಂಬುದು ಎಲ್ಲ ಹೆಡ್‌ಗಳಿಗೂ ಅನ್ವಯಿಸುವುದಿಲ್ಲ. ಫೆಂಡರ್ ಪರಂಪರೆಯ ಟೋನ್ ಸರ್ಕೀಟುಗಳಲ್ಲಿ ಗುಂಡಿಗಳು ನಡುವಿದ್ದಾಗ ನಡುಸ್ವರ ತಾನಾಗಿ ತಗ್ಗಿರುತ್ತದೆ. ಮಾರ್ಕ್‌ಬಾಸ್‌ನಂಥವು ಬಹುಮಟ್ಟಿಗೆ ಸಪಾಟು. ಡಾರ್ಕ್‌ಗ್ಲಾಸ್ ಹೆಡ್‌ಗಳು ವಿರೂಪವನ್ನೇ ಶೈಲಿಯಾಗಿಸಿಕೊಂಡಿದ್ದು, ಮೆಟಲ್ ವಾದಕರಿಗೆ ಅಚ್ಚುಮೆಚ್ಚು.

ಹೆಡ್ಡಿನ ಹಿಂಬದಿಯನ್ನು ತಿರುಗಿಸಿ ನೋಡದೆ ದುಡ್ಡು ಕೊಡಬಾರದು. ಕ್ಯಾಬಿನೆಟ್ಟಿಗೆ ಹೋಗುವ ಸಾಕೆಟ್ ತಿರುಗಿಸಿ ಬೀಗ ಹಾಕುವ ಸ್ಪೀಕಾನ್ ಬಗೆಯದಾಗಿದ್ದರೆ ಉತ್ತಮ. ಸಾಮಾನ್ಯ ಜಾಕ್ ಆದರೆ ಅದಕ್ಕೆ ಗಿಟಾರಿನ ತೆಳು ಕೇಬಲ್ ಸಿಕ್ಕಿಸದೆ ಸ್ಪೀಕರಿನ ದಪ್ಪ ಕೇಬಲ್ಲನ್ನೇ ಬಳಸಬೇಕು. ಹಲವು ಕ್ಲಾಸ್ ಡಿ ಹೆಡ್‌ಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ಸಂಕೇತ ಹರಿಯುತ್ತಿರುತ್ತದೆ, ಯಾವುದೂ ಅರ್ಥ್ ಆಗಿರುವುದಿಲ್ಲ. ಅವುಗಳಲ್ಲಿ ಒಂದು ಅರ್ಥ್‌ಗೆ ತಾಗಿದರೂ ಪವರ್ ಆಂಪ್ ಹಾಳಾಗಬಹುದು. ಪಕ್ಕದಲ್ಲಿ ಮೂರು ಪಿನ್ನಿನ ಡಿಐ ಸಾಕೆಟ್ ಇರುತ್ತದೆ. ಸಂಕೇತವನ್ನು ನೇರವಾಗಿ ಮಿಕ್ಸರಿಗೆ ಕಳಿಸುವ ದಾರಿ ಅದು. ಅದರ ಬಳಿಯ ‘ಪ್ರಿ-ಪೋಸ್ಟ್’ ಸ್ವಿಚ್ ಪ್ರಿ ಎಂದಿದ್ದರೆ ಬೇಸ್‌ನ ಮೂಲ ನಾದ ಹೋಗುತ್ತದೆ, ಪೋಸ್ಟ್ ಎಂದಿದ್ದರೆ ಹೆಡ್ಡಿನಲ್ಲಿ ಮಾಡಿಕೊಂಡ ಬಣ್ಣವೂ ಸೇರಿ ಹೋಗುತ್ತದೆ. ಪೋಸ್ಟ್‌ನಲ್ಲಿಟ್ಟುಕೊಂಡು ಹಾಡಿನ ಮಧ್ಯೆ ತಗ್ಗಿನ ಗುಂಡಿ ತಿರುಗಿಸಿದರೆ ಇಡೀ ಸಭಾಂಗಣದ ಸದ್ದು ಬದಲಾಗುತ್ತದೆ. ಸೌಂಡ್ ಎಂಜಿನಿಯರ್‌ಗಳು ಸಾಮಾನ್ಯವಾಗಿ ಪ್ರಿ ಕೇಳುವುದು ಇದರಿಂದಾಗಿ. ವಾದ್ಯದೊಳಗೆ ಬ್ಯಾಟರಿ ಇರುವ ಆ್ಯಕ್ಟಿವ್ ಬೇಸ್‌ಗಳ ಸಂಕೇತ ಜೋರಾಗಿರುವುದರಿಂದ ಅದನ್ನು ತಗ್ಗಿಸುವ ಪ್ಯಾಡ್ ಸ್ವಿಚ್ ಬೇಕಾಗಬಹುದು. 30-40 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಹೈಪಾಸ್ ಫಿಲ್ಟರ್ ಇದ್ದರೆ ಅದು ದೊಡ್ಡ ವರ: ಕೇಳಿಸದ ಕಂಪನಗಳಿಗೆ ಶಕ್ತಿ ಪೋಲಾಗುವುದು ನಿಲ್ಲುತ್ತದೆ, ಸ್ಪೀಕರ್ ಕೋನ್ ವೃಥಾ ಒದ್ದಾಡುವುದೂ ನಿಲ್ಲುತ್ತದೆ.

ಬೆಂಗಳೂರಿನ ಕ್ಲಬ್ ಇರಲಿ, ಜಿಲ್ಲಾ ಕೇಂದ್ರದ ಗಣೇಶೋತ್ಸವದ ಆರ್ಕೆಸ್ಟ್ರಾ ಇರಲಿ, ಪ್ರೇಕ್ಷಕರಿಗೆ ಬೇಸ್ ತಲುಪಿಸುವುದು ಇಂದು ಬಾಡಿಗೆಯ ಸೌಂಡ್ ಸಿಸ್ಟಮ್ಮು. ಹೆಡ್ಡಿನ ಕೆಲಸ ವಾದಕನಿಗೂ ಡ್ರಮ್ಮರಿಗೂ ಕೇಳಿಸುವುದಷ್ಟೇ. ಅಂಥಲ್ಲಿ 300ರಿಂದ 500 ವಾಟಿನ ಹಗುರ ಹೆಡ್, 12 ಇಂಚಿನ ಒಂದೋ ಎರಡೋ ಸ್ಪೀಕರ್ ಇದ್ದರೆ ಧಾರಾಳ. ಕಿವಿಯೊಳಗಿನ ಮಾನಿಟರ್ ಬಳಸುವ ತಂಡಗಳಲ್ಲಿ ಅದೂ ಬೇಡವಾಗಿ, ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್‌ನಂಥ ಅಂಗೈಯಗಲದ ಪ್ರೀಆಂಪ್ ಪೆಡಲಿನಿಂದ ನೇರವಾಗಿ ಮಿಕ್ಸರಿಗೆ ಹೋಗುವವರು ಹೆಚ್ಚುತ್ತಿದ್ದಾರೆ. ಬರೀ ಮನೆಯಲ್ಲಿ ಅಭ್ಯಾಸ ಮಾಡುವವರು ಹೆಡ್ ಕೊಳ್ಳುವ ಅಗತ್ಯವೇ ಇಲ್ಲ. ಸಣ್ಣ ಕಾಂಬೊ ಸಾಕು. ದೊಡ್ಡ ಹೆಡ್ ನಿಜವಾಗಿ ಬೇಕಾಗುವುದು ಸೌಂಡ್ ಸಿಸ್ಟಮ್ಮಿನ ನೆರವಿಲ್ಲದೆ ಜೋರು ಡ್ರಮ್ಸ್ ಜೊತೆ ನುಡಿಸುವವರಿಗೆ, ಮತ್ತು ಬೆನ್ನಿಗೆ ಬಡಿಯುವ ಗಾಳಿಯಿಲ್ಲದೆ ನುಡಿಸಲು ಮನಸ್ಸೇ ಬಾರದವರಿಗೆ. ಎರಡನೆಯದು ಶೋಕಿಯಲ್ಲ, ಮೈಗೆ ತಾಗುವ ಸದ್ದು ಬೆರಳಿನ ಲಯವನ್ನು ನಿಜಕ್ಕೂ ಬದಲಿಸುತ್ತದೆ.

ವಿದೇಶದಿಂದ ಬರುವ ನೆಂಟರ ಕೈಯಲ್ಲಿ ಹೆಡ್ ತರಿಸಿಕೊಳ್ಳುವವರು ಮೊದಲು ನೋಡಬೇಕಾದದ್ದು ಪವರ್ ಸಾಕೆಟ್ಟಿನ ಪಕ್ಕದ ಬರಹ. ಭಾರತದ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ಜಪಾನಿನದು 100 ವೋಲ್ಟ್. 100-240 ಎಂದು ಬರೆದಿದ್ದರೆ ಯೋಚನೆಯಿಲ್ಲ. 120 ಎಂದಷ್ಟೇ ಇದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 60 ಹರ್ಟ್ಸ್‌ಗೆಂದೇ ಮಾಡಿದ ಹಳೆಯ ವಾಲ್ವ್ ಹೆಡ್‌ಗಳ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಹೆಚ್ಚು ಕಾಯುತ್ತದೆ. ಬಯಲು ವೇದಿಕೆಯಲ್ಲಿ ಜನರೇಟರಿನಿಂದ ನಡೆಸುವಾಗ ವೋಲ್ಟೇಜ್ ಏರಿಳಿಯುವುದು ಮಾಮೂಲು. ಹೆಡ್ ಹಾಕುವ ಮುನ್ನ ಮೀಟರಿನಿಂದ ಅಳೆದು ನೋಡುವುದು, ಅರ್ಥ್ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು ಜೀವದ ಪ್ರಶ್ನೆ. ಗುಂಯ್ ಎಂಬ ಹಮ್ ಬರುತ್ತಿದೆಯೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ತೆಗೆಯುವ ಅಭ್ಯಾಸ ಹಲವು ಕಡೆ ಇದೆ. ಅದರಿಂದ ತಂತಿ ಹಿಡಿದ ಕೈಗೂ ಮೈಕ್ ತಾಗಿದ ತುಟಿಗೂ ಶಾಕ್ ಹೊಡೆಯಬಹುದು. ಹಮ್‌ಗೆ ಮದ್ದು ಡಿಐ ಪಕ್ಕದ ಗ್ರೌಂಡ್ ಲಿಫ್ಟ್ ಸ್ವಿಚ್; ಅದು ಸಂಕೇತದ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ, ವಿದ್ಯುತ್ತಿನ ಅರ್ಥ್ ಹಾಗೇ ಉಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಹೆಡ್ ನೋಡುವವರು ಪ್ರತಿ ಗುಂಡಿಯನ್ನೂ ತಿರುಗಿಸಿ ಕರಕರ ಸದ್ದು ಬರುತ್ತದೆಯೇ ಎಂದು ಕೇಳಬೇಕು. ಉಡುಪಿ, ಕಾರವಾರದಂಥ ಕರಾವಳಿ ಊರುಗಳಲ್ಲಿ ಬಳಸಿದ ಹೆಡ್ ಆದರೆ ಜಾಕ್‌ಗಳಲ್ಲಿ ಹಸಿರು ತುಕ್ಕು ಇದೆಯೇ ಎಂದೂ ನೋಡಬೇಕು. ಅರ್ಧ ಗಂಟೆ ಬಿಸಿಯಾಗುವಷ್ಟು ನುಡಿಸಿ, ಫ್ಯಾನ್ ತಿರುಗುತ್ತಿದೆಯೇ, ಸದ್ದು ತಾನಾಗಿ ಕುಗ್ಗುತ್ತಿದೆಯೇ ಎಂದು ಗಮನಿಸಿದರೆ ಹೆಚ್ಚಿನ ಕಾಯಿಲೆಗಳು ಬಯಲಾಗುತ್ತವೆ. ವಾಲ್ವ್ ಹೆಡ್ಡಿನ ಔಟ್‌ಪುಟ್ ವಾಲ್ವ್‌ಗಳು ಸವೆಯುವ ಸಾಮಗ್ರಿ. ಎಸ್‌ವಿಟಿಗೆ ಗುಣಹೊಂದಿಕೆಯ ಆರು 6550ಗಳು ಒಟ್ಟಿಗೆ ಬೇಕು. ಅವು ಬರುವುದು ಸ್ಲೊವಾಕಿಯಾ, ರಷ್ಯಾ, ಚೀನಾದ ಕಾರ್ಖಾನೆಗಳಿಂದ, ಹಾಕಿದ ಮೇಲೆ ಬಯಾಸ್ (ನುಡಿಸದೆ ಇರುವಾಗಲೂ ವಾಲ್ವ್‌ನಲ್ಲಿ ಹರಿಯುವ ವಿದ್ಯುತ್ತಿನ ಮಟ್ಟ) ಹೊಂದಿಸಬೇಕು. ಉಳಿದಂತೆ ಹಳೆಯ ಹೆಡ್‌ಗಳ ರಿಪೇರಿ ಕಷ್ಟವಲ್ಲ. ಬಿಡಿಭಾಗಗಳೆಲ್ಲ ಕಣ್ಣಿಗೆ ಕಾಣುವಷ್ಟು ದೊಡ್ಡವು. ಕೆಪಾಸಿಟರ್, ರೆಸಿಸ್ಟರ್, ಟ್ರಾನ್ಸಿಸ್ಟರ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಸರ್ಕೀಟಿನ ನಕ್ಷೆ ಇದ್ದರೆ ಅನುಭವಿ ಮೆಕ್ಯಾನಿಕ್ ಬೆಸುಗೆ ಹಾಕಿ ಸರಿಪಡಿಸುತ್ತಾನೆ. ಕ್ಲಾಸ್ ಡಿ ಹೆಡ್ಡಿನಲ್ಲಿ ಪವರ್ ಆಂಪ್ ಮತ್ತು ಪವರ್ ಸಪ್ಲೈ ಎರಡೂ ಬಹುಮಟ್ಟಿಗೆ ಒಂದೇ ಮಾಡ್ಯೂಲಿನಲ್ಲಿ, ಕಾಳಿನಷ್ಟು ಸಣ್ಣ ಬಿಡಿಭಾಗಗಳಿಂದ ಕೂಡಿರುತ್ತವೆ. ಕೆಟ್ಟರೆ ಇಡೀ ಮಾಡ್ಯೂಲನ್ನೇ ಕಂಪನಿಯಿಂದ ತರಿಸಿ ಬದಲಿಸಬೇಕು. ಆದ್ದರಿಂದ ಹಗುರ ಹೆಡ್ ಕೊಳ್ಳುವವರು ಆ ಕಂಪನಿಗೆ ಭಾರತದಲ್ಲಿ ಅಧಿಕೃತ ವಿತರಕರು ಇದ್ದಾರೆಯೇ, ವಾರಂಟಿ ಎಷ್ಟು ವರ್ಷದ್ದು, ಮಾಡ್ಯೂಲ್ ಬರಲು ಎಷ್ಟು ವಾರ ಹಿಡಿಯುತ್ತದೆ ಎಂದು ಬಿಲ್ ಮಾಡಿಸುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.